ಎಕ್ಸ್‌ರೇಯಲ್ಲಿ ಕಾಣದ ಹೊಳಪು

ಸಂಜೆ ಐದೂವರೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆಯಿಂದ ಸಿಟಿ ಬಸ್‌ಸ್ಟ್ಯಾಂಡಿಗೆ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಶಿಫ್ಟು ಮುಗಿಸಿದ ಹುಡುಗರು, ಟಿಫನ್ ಕ್ಯಾರಿಯರ್, ಆಯಿಲ್ ವಾಸನೆ. ದಾರಿಯಲ್ಲಿ ಹತ್ತಿದ ಪಂಚೆಯ ಹಿರಿಯರೊಬ್ಬರ ಕಂಕುಳಲ್ಲಿ ದೊಡ್ಡ ಎಕ್ಸ್‌ರೇ ಕವರು. ಅದು ಮಡಿಸಬಾರದು, ಮುದುರಬಾರದು. ಅದಕ್ಕಾಗಿಯೇ ಒಬ್ಬ ಹುಡುಗ ಸೀಟು ಬಿಟ್ಟುಕೊಟ್ಟ.

"ಏನ್ ಯಜಮಾನ್ರೇ, ಕಾಲಾ?"

"ಹೂಂ ಕಣಪ್ಪ, ಮಗಂದು. ಬೈಕಿಂದ ಬಿದ್ದ. ಪ್ಲೇಟು ಹಾಕವ್ರೆ."

ಹುಡುಗ ಲೇತ್ ಮೇಲೆ ಕೆಲಸ ಮಾಡುವವನು. ಫಿಲಂ ಈಚೆಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಮೊಣಕಾಲಿನ ಕೆಳಗಿನ ಮೂಳೆಗೆ ಅಂಟಿದಂತೆ ಒಂದು ಬಿಳಿ ಪಟ್ಟಿ, ಅಡ್ಡಡ್ಡಕ್ಕೆ ಎಂಟು ಸ್ಕ್ರೂ. "ನೆಟ್ಟಗೆ ಕೂತದೆ ಬಿಡಿ" ಎಂದ.

"ಕೂತದೆ ಸರಿ. ಕಬ್ಬಿಣ ಅಲ್ವೇನಪ್ಪ ಅದು? ಒಳಗೆ ತುಕ್ಕು ಹಿಡಿಯಕಿಲ್ವಾ?"

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಆದರೆ ನಗುವ ಮಾತೇನಲ್ಲ. ಮೂಳೆ ಡಾಕ್ಟರುಗಳು ದಶಕಗಳ ಕಾಲ ತಲೆ ಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ಉತ್ತರ ಇರುವುದು ಆ ಪ್ಲೇಟಿನ ಮೈಮೇಲೆ, ಅದರ ಹೊಳಪಿನಲ್ಲಿ. ಆ ಹೊಳಪು ಮಾತ್ರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಪ್ಲೇಟು ಎಲ್ಲಿದೆ, ಸ್ಕ್ರೂ ಎಷ್ಟು ಆಳಕ್ಕೆ ಹೋಗಿದೆ, ಮೂಳೆ ಕೂಡುತ್ತಿದೆಯೇ ಎಂಬುದನ್ನೆಲ್ಲ ಫಿಲಂ ತೋರಿಸುತ್ತದೆ. ಲೋಹದ ಚರ್ಮ ಹೇಗಿದೆ ಎಂಬುದನ್ನು ತೋರಿಸುವುದಿಲ್ಲ.

ಮೈಸೂರಿನಲ್ಲಿ ಇಂದು ಕಾಲಿಗೋ ಕೈಗೋ ಸೊಂಟಕ್ಕೋ ಲೋಹ ಹಾಕಿಸಿಕೊಂಡವರಿಲ್ಲದ ಬೀದಿ ಹುಡುಕುವುದು ಕಷ್ಟ. ರಿಂಗ್ ರೋಡು ಬಂತು, ಬೈಕಿನ ವೇಗ ಹೆಚ್ಚಿತು. 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಬೈಕು, ಆಟೋಗಳಿಗೆ ನಿಷೇಧ ಹಾಕಬೇಕಾಯಿತು. ಇನ್ನೊಂದು ಕಡೆ ವಯಸ್ಸಾದವರು. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡ ಅಜ್ಜಿಯರು, ಮೆಟ್ಟಿಲು ಹತ್ತಲಾರದೆ ಮೊಣಕಾಲು ಬದಲಿಸಿಕೊಂಡ ರಿಟೈರ್ಡ್ ಮೇಷ್ಟ್ರುಗಳು. ಎಲ್ಲರ ಬಾಯಲ್ಲೂ ಒಂದೇ ಮಾತು: "ರಾಡ್ ಹಾಕಿದ್ದಾರೆ." ರಾಡೋ ಪ್ಲೇಟೋ ಗುಂಡೋ, ಜನರ ಲೆಕ್ಕದಲ್ಲಿ ಎಲ್ಲವೂ ರಾಡೇ.

ಉಪ್ಪಿನ ಡಬ್ಬಿಯ ಪಾಠ

ದೇಹದ ಒಳಗೆ ಏನಿದೆ ಎಂದು ಲೋಹವನ್ನು ಕೇಳಿದರೆ ಅದು ಹೇಳುವುದು ಒಂದೇ: ಬೆಚ್ಚಗಿನ ಉಪ್ಪುನೀರು. 37 ಡಿಗ್ರಿ ಶಾಖ, ನೂರಕ್ಕೆ ಸುಮಾರು 0.9 ಪಾಲು ಉಪ್ಪು, ಹಗಲೂ ರಾತ್ರಿ ಆಮ್ಲಜನಕ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಆತಿಥ್ಯ ಬೇರೆಲ್ಲೂ ಸಿಗುವುದಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಸರ್ಜನ್ ಆರ್ಬತ್‌ನಾಟ್ ಲೇನ್ ಮುರಿದ ಮೂಳೆಗೆ ಸಾದಾ ಉಕ್ಕಿನ ಪ್ಲೇಟು ಹಾಕುತ್ತಿದ್ದ. ಅಮೆರಿಕದ ಷರ್ಮನ್ ಎಂಬಾತ 1912ರ ಸುಮಾರಿಗೆ ವೆನೇಡಿಯಂ ಬೆರೆಸಿದ ಉಕ್ಕಿನ ಪ್ಲೇಟು ತಂದ. ಗಟ್ಟಿಯೇನೋ ಇತ್ತು, ತುಕ್ಕು ಮಾತ್ರ ಬಿಡಲಿಲ್ಲ. ಅದು ಸುತ್ತಲಿನ ಮಾಂಸವನ್ನು ಕೆರಳಿಸುತ್ತಿತ್ತು, ಮೂಳೆ ಕೂಡುವುದಕ್ಕೆ ಅಡ್ಡಿ ಮಾಡುತ್ತಿತ್ತು. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ಊರಿನ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿದ ತುಕ್ಕುರಹಿತ ಉಕ್ಕು ಮಾಡಿದ. ಅಲ್ಲಿಂದ ಪಾತ್ರೆ ಅಂಗಡಿಗೂ ಆಪರೇಷನ್ ಥಿಯೇಟರಿಗೂ ನಂಟು ಬೆಳೆಯಿತು.

ನಂಟು ಎಂದರೆ ದೂರದ ನಂಟು. ಅಡುಗೆಮನೆಯ ಸ್ಟೀಲು ಮೂಳೆಗೆ ನಡೆಯುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಉಪ್ಪು ತುಂಬಿ ನಾಲ್ಕು ತಿಂಗಳು ಬಿಟ್ಟರೆ ತಳದಲ್ಲಿ ಸೂಜಿ ಚುಚ್ಚಿದಂಥ ಚುಕ್ಕಿಗಳು ಏಳುವುದನ್ನು ಮನೆಯ ಹೆಂಗಸರೆಲ್ಲ ನೋಡಿದ್ದಾರೆ. ಉಪ್ಪಿನಕಾಯಿಗೆ ಜಾಡಿಯೇ ಬೇಕು ಎಂದು ಅಜ್ಜಿ ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಆ ಚುಕ್ಕಿಗಳೇ ಕಾಲಿನ ಪ್ಲೇಟಿನಲ್ಲಿ ಎದ್ದರೆ? ಅದಕ್ಕಾಗಿಯೇ ಮೂಳೆಗೆ ಹಾಕುವ ಸ್ಟೀಲಿನಲ್ಲಿ ಕ್ರೋಮಿಯಂ ನೂರಕ್ಕೆ 17ರಿಂದ 19 ಪಾಲು ಇರುವುದಲ್ಲದೆ ಮಾಲಿಬ್ಡಿನಂ ಎಂಬ ಇನ್ನೊಂದು ಲೋಹವನ್ನು ಎರಡು ಕಾಲರಿಂದ ಮೂರು ಪಾಲಿನವರೆಗೆ ಬೆರೆಸುತ್ತಾರೆ. ಉಪ್ಪಿನ ಕಾಟ ತಡೆಯುವುದು ಅದರ ಕೆಲಸ. ಇಂಗಾಲವನ್ನು ನೂರಕ್ಕೆ 0.03ಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ. ಈ ಸ್ಟೀಲಿಗೆ ಕಸುಬಿನವರ ಹೆಸರು 316 ಎಲ್. ಇದಲ್ಲದೆ ಟೈಟೇನಿಯಂ ಇದೆ, ಕೋಬಾಲ್ಟ್-ಕ್ರೋಮಿಯಂ ಇದೆ. ಬೆಲೆಯೂ ಬೇರೆ, ಗುಣವೂ ಬೇರೆ.

ಸರಿಯಾದ ಲೋಹ ತಂದ ಮಾತ್ರಕ್ಕೆ ಅರ್ಧ ಕೆಲಸ ಮಾತ್ರ ಆಯಿತು. ಸ್ಟೀಲಿನ ಮೈಯನ್ನು ಕಾಯುವುದು ಅದರ ಮೇಲೆ ತಾನಾಗಿ ಕಟ್ಟಿಕೊಳ್ಳುವ ಕ್ರೋಮಿಯಂ ಆಕ್ಸೈಡಿನ ಒಂದು ಪೊರೆ. ಎಷ್ಟು ತೆಳು ಅಂತೀರಿ? ತಲೆಕೂದಲನ್ನು ಹತ್ತು ಸಾವಿರಕ್ಕೂ ಹೆಚ್ಚು ಪದರ ಸೀಳಿದರೆ ಒಂದು ಪದರ ಎಷ್ಟೋ ಅಷ್ಟು. ಅಷ್ಟು ತೆಳುವಾದ ಅಂಗಿ ತೊಟ್ಟುಕೊಂಡು ಉಪ್ಪುನೀರಿನಲ್ಲಿ ವರ್ಷಗಟ್ಟಲೆ ನಿಲ್ಲಬೇಕು. ಲೋಹದ ಮೈಯಲ್ಲಿ ಗೀರು, ಬಿರುಕು, ಅಂಟಿದ ಕೊಳೆ ಇದ್ದರೆ ಅಂಗಿ ಅಲ್ಲೇ ಹರಿಯುತ್ತದೆ.

ಜಾವಾ ಟ್ಯಾಂಕೂ ಅಲ್ಲ, ಬೆಳ್ಳಿ ತಟ್ಟೆಯೂ ಅಲ್ಲ

ಮೈಸೂರಿನವರಿಗೆ ಹೊಳಪಿನ ಬಗ್ಗೆ ಪಾಠ ಹೇಳಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಬೈಕುಗಳ ಪೆಟ್ರೋಲ್ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿದ ಒಂದು ತಲೆಮಾರೇ ಈ ಊರಿನಲ್ಲಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಟ್ಯಾಂಕುಗಳನ್ನು ಭಾನುವಾರ ಭಾನುವಾರ ಉಜ್ಜುವವರು ಇನ್ನೂ ಇದ್ದಾರೆ. ಅಶೋಕ ರಸ್ತೆಯ ಬೆಳ್ಳಿ ಅಂಗಡಿಗಳ ಹೊಳಪು ಬೇರೆ. ದಸರಾ ಬಂದರೆ ಬ್ರಾಸೊ ಹಾಕಿ ಬೆಲ್ಟಿನ ಬಕಲ್ ತಿಕ್ಕುವ ಪೊಲೀಸರ ಹೊಳಪು ಬೇರೆ. ಗೌರಿ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ಬೆಳಗುವ ಹಿತ್ತಾಳೆ ದೀಪದ ಹೊಳಪು ಬೇರೆ.

ಇವುಗಳಲ್ಲಿ ಯಾವುದೂ ಮೂಳೆಯ ಪ್ಲೇಟಿಗೆ ಸಲ್ಲದು. ಜಾವಾ ಟ್ಯಾಂಕಿನ ಹೊಳಪು ಮೇಲೆ ಕೂರಿಸಿದ ಕ್ರೋಮಿಯಂ ಲೇಪ. ಒಳಗಿರುವುದು ಸಾದಾ ತಗಡು. ಮಳೆಯಲ್ಲಿ ನಿಂತು ನಿಂತು ಲೇಪ ಸಿಪ್ಪೆ ಎದ್ದರೆ ಕೆಳಗೆ ತುಕ್ಕು. ಬೈಕಿಗಾದರೆ ಮತ್ತೆ ಪ್ಲೇಟಿಂಗ್ ಮಾಡಿಸಬಹುದು, ಕಾಲಿನೊಳಗೆ ಸಿಪ್ಪೆ ಎದ್ದರೆ ಯಾರ ಹತ್ತಿರ ಹೋಗುವುದು? ಆದ್ದರಿಂದ ಮೂಳೆಯ ಸ್ಟೀಲ್ ಪ್ಲೇಟು, ಸ್ಕ್ರೂಗಳಿಗೆ ಹೊಳಪನ್ನು ಮೇಲಿಂದ ಹಚ್ಚುವುದಿಲ್ಲ, ಲೋಹದ ಒಳಗಿಂದಲೇ ತೆಗೆಯುತ್ತಾರೆ. ಕೆಟ್ಟ ಚರ್ಮ ಸುಲಿದು ಒಳ್ಳೆ ಚರ್ಮ ಈಚೆ ತರುವ ಕೆಲಸ ಅದು.

ಲೇತು, ಮಿಲ್ಲಿಂಗ್ ಮಷೀನುಗಳಿಂದ ಇಳಿದ ಪ್ಲೇಟನ್ನು ಕೈಯಲ್ಲಿ ಹಿಡಿದರೆ ಮೊದಲು ಗೊತ್ತಾಗುವುದು ಅದರ ಚುಚ್ಚು. ಸ್ಕ್ರೂ ತೂತಿನ ಅಂಚಿನಲ್ಲಿ, ಮೂಲೆಯಲ್ಲಿ ಕೂದಲಿನಂಥ ಲೋಹದ ಮುಳ್ಳುಗಳು ನಿಂತಿರುತ್ತವೆ. ಲೇತಿನವರು ಅದಕ್ಕೆ ಬರ್ ಅಂತಾರೆ. ಉಳಿಯ ಹಲ್ಲಿನ ಗೆರೆ ಸಾಲಾಗಿ ಕಾಣುತ್ತದೆ. ಕತ್ತರಿಸುವಾಗ ಸುರಿದ ಕೂಲೆಂಟ್ ಎಣ್ಣೆ ಮೂಲೆ ಮೂಲೆಗೂ ಸೇರಿರುತ್ತದೆ. ಉಳಿಯಿಂದ ಉದುರಿದ ಕಬ್ಬಿಣದ ಕಣ ಸ್ಟೀಲಿನ ಮೈಗೆ ಒತ್ತಿಕೊಂಡಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ನೀರು ಸೋಕಿದರೆ ಅಲ್ಲಿಂದಲೇ ತುಕ್ಕು ಶುರು.

ಮೊದಲ ಕೆಲಸ ಮುಳ್ಳು ತೆಗೆಯುವುದು. ಸಣ್ಣ ಅರ, ರಬ್ಬರ್ ಕಲ್ಲು, ಒಂದು ಭೂತಗನ್ನಡಿ. ಆಮೇಲೆ ಸೆರಾಮಿಕ್ ಕಲ್ಲುಗಳ ಜೊತೆ ಡ್ರಮ್ಮಿಗೆ ಹಾಕಿ ಅಲುಗಾಡಿಸುತ್ತಾರೆ. ಗಂಟೆಗಟ್ಟಲೆ ತಿರುಗುವ ಈ ಡ್ರಮ್ಮಿನ ಕೆಲಸ ಹೊಳೆಯಲ್ಲಿ ಕಲ್ಲು ನುಣುಪಾಗುವ ಕೆಲಸದಂತೆಯೇ. ಅಲ್ಲಿಂದ ಬಫಿಂಗ್. ಬಟ್ಟೆ ಪದರಗಳ ಚಕ್ರ, ಅದಕ್ಕೆ ಹಚ್ಚುವ ಸೋಪಿನಂಥ ಪಾಲಿಶ್ ಕಡ್ಡಿ, ಅದರ ಮುಂದೆ ಒಬ್ಬ ಮನುಷ್ಯ.

ಕಸುಬು ಇರುವುದು ಇಲ್ಲಿಯೇ. ಕೈ ಒಂದಿಷ್ಟು ಜಾಸ್ತಿ ಒತ್ತಿದರೆ ಅಂಚು ಕರಗಿ ಅಳತೆ ಕೆಡುತ್ತದೆ, ಸ್ಕ್ರೂವಿನ ಹಲ್ಲು ಮೊಂಡಾಗುತ್ತದೆ. ಕಡಿಮೆ ಒತ್ತಿದರೆ ಗೀರು ಉಳಿಯುತ್ತದೆ. ಒಂದೇ ಕಡೆ ಜಾಸ್ತಿ ಹೊತ್ತು ಹಿಡಿದರೆ ಲೋಹ ಸುಟ್ಟು ಬಣ್ಣ ತಿರುಗುತ್ತದೆ. ಅದಕ್ಕಿಂತ ಮೋಸದ್ದು ಇನ್ನೊಂದಿದೆ: ಚಕ್ರದ ಒತ್ತಡಕ್ಕೆ ಮುಳ್ಳು ಮುರಿಯದೆ ಮಲಗಿಬಿಡುತ್ತದೆ. ಮೇಲೆ ನೋಡಿದರೆ ಕನ್ನಡಿ, ಅಡಿಯಲ್ಲಿ ಮಡಿಸಿದ ಲೋಹದ ಸಂದು, ಸಂದಿನಲ್ಲಿ ಪಾಲಿಶ್ ಕೊಳೆ. ಕಣ್ಣಿಗೆ ಹೊಳೆಯುವುದೆಲ್ಲ ಒಳ್ಳೆಯ ಮಾಲಲ್ಲ ಎಂಬುದು ಚಿನಿವಾರನಿಗೆ ಗೊತ್ತಿರುವಷ್ಟೇ ಬಫಿಂಗಿನವನಿಗೂ ಗೊತ್ತು.

ಆ ಗೀರಿಗೆ ಯಾಕೆ ಅಷ್ಟು ಹೆದರಿಕೆ? ಕಾಗದ ಹರಿಯುವವರು ಮೊದಲು ಅಂಚಿನಲ್ಲಿ ಸಣ್ಣಗೆ ಸೀಳುತ್ತಾರಲ್ಲ, ಹಾಗೆ. ಸಾಧಾರಣ ಓಡಾಟದ ಮನುಷ್ಯ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಸಲ ಒಂದೊಂದು ಕಾಲೂರುತ್ತಾನೆ. ಮೂಳೆ ಕೂಡುವ ತನಕ ಪ್ರತಿ ಹೆಜ್ಜೆಯ ಭಾರವೂ ಪ್ಲೇಟನ್ನು ಕೂದಲೆಳೆಯಷ್ಟು ಬಗ್ಗಿಸಿ ಬಿಡುತ್ತದೆ. ನುಣುಪಾದ ಮೈ ಅದನ್ನು ತಾಳಿಕೊಳ್ಳುತ್ತದೆ. ಗೀರಿದ್ದರೆ ಒತ್ತಡವೆಲ್ಲ ಗೀರಿನ ತುದಿಗೆ ಸೇರಿ ಬಿರುಕು ಹುಟ್ಟುತ್ತದೆ. ಬಿರುಕಿಗೆ ಉಪ್ಪುನೀರು ಇಳಿಯುತ್ತದೆ. ಒಂದು ದಿನ ಮೆಟ್ಟಿಲಿಳಿಯುವಾಗ ಟಕ್ ಎಂದು ಪ್ಲೇಟು ತುಂಡು. ಡಾಕ್ಟರು ಕಾಲೂರಬೇಡ ಎಂದ ದಿನಗಳಲ್ಲಿ ಊರಿದವರ ಪ್ಲೇಟೂ ಹೀಗೆಯೇ ಹೋಗುತ್ತದೆ. ಅಲ್ಲಿ ಕಾರ್ಖಾನೆಯನ್ನು ಬೈದು ಪ್ರಯೋಜನವಿಲ್ಲ.

ಕರೆಂಟಿನ ಸ್ನಾನ

ಬಫಿಂಗಾದ ಪ್ಲೇಟನ್ನು ತೊಳೆದು ಇನ್ನೊಂದು ಕೋಣೆಗೆ ಒಯ್ಯುತ್ತಾರೆ. ಅಲ್ಲಿ ತೊಟ್ಟಿಗಳು, ಆಸಿಡ್ ಘಾಟು. ಗಂಧಕಾಮ್ಲ, ಫಾಸ್ಫಾರಿಕ್ ಆಮ್ಲ ಬೆರೆತ ತೊಟ್ಟಿಯಲ್ಲಿ ಪ್ಲೇಟನ್ನು ಮುಳುಗಿಸಿ ಕರೆಂಟು ಕೊಡುತ್ತಾರೆ. ಊರಿನ ಪ್ಲೇಟಿಂಗ್ ಅಂಗಡಿಗಳಲ್ಲಿ ಸಾಮಾನಿಗೆ ಮೈನಸ್ ತಂತಿ ಕಟ್ಟುತ್ತಾರೆ. ಲೋಹ ಬಂದು ಕೂರುತ್ತದೆ. ಇಲ್ಲಿ ತಿರುಗುಮುರುಗು. ಪ್ಲೇಟಿಗೆ ಪ್ಲಸ್ ತಂತಿ. ಲೋಹ ಕೂರುವುದಿಲ್ಲ, ಕರಗಿ ಹೋಗುತ್ತದೆ. ಸೊಗಸು ಏನೆಂದರೆ, ಉಬ್ಬಿದ ಜಾಗಕ್ಕೆ ಕರೆಂಟು ಹೆಚ್ಚು ನುಗ್ಗುವುದರಿಂದ ಅಲ್ಲಿ ಹೆಚ್ಚು ಕರಗುತ್ತದೆ, ತಗ್ಗಿನಲ್ಲಿ ಕಡಿಮೆ. ಗುಡ್ಡ ಇಳಿದು ಹಳ್ಳದ ಮಟ್ಟಕ್ಕೆ ಬರುತ್ತದೆ. ಬಟ್ಟೆ ಚಕ್ರ ತಲುಪದ ಸ್ಕ್ರೂ ತೂತಿನ ಒಳಗೂ ಕೆಲಸ ನಡೆಯುತ್ತದೆ. ಮಡಿಸಿ ಮಲಗಿದ ಮುಳ್ಳು, ಒತ್ತಿಕೊಂಡ ಕಬ್ಬಿಣದ ಕಣ ಎಲ್ಲವೂ ತೊಟ್ಟಿಗೆ. ಇದಕ್ಕೆ ಎಲೆಕ್ಟ್ರೋಪಾಲಿಶಿಂಗ್ ಎಂದು ಹೆಸರು.

ಆಮೇಲೆ ನೈಟ್ರಿಕ್ ಆಮ್ಲದ ಸ್ನಾನ. ನೂರಕ್ಕೆ 20ರಿಂದ 45 ಪಾಲು ಆಮ್ಲ, ಕಡಿಮೆಯೆಂದರೆ ಅರ್ಧ ಗಂಟೆ. ಉಳಿದಿರಬಹುದಾದ ಕಬ್ಬಿಣವನ್ನು ಆಮ್ಲ ತಿಂದುಹಾಕುತ್ತದೆ, ಕ್ರೋಮಿಯಂ ಪೊರೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕಂಪನಿ ಹೆಸರು, ಬ್ಯಾಚ್ ನಂಬರುಗಳನ್ನು ಲೇಸರಿನಿಂದ ಬರೆಯುವುದಿದ್ದರೆ ಅದು ಈ ಸ್ನಾನಕ್ಕೆ ಮೊದಲೇ ಆಗಬೇಕು. ಲೇಸರ್ ಸುಟ್ಟ ಜಾಗದಲ್ಲಿ ಪೊರೆ ಹೋಗಿರುತ್ತದೆ. ಬರೆದದ್ದು ಆಮೇಲಾದರೆ ನಂಬರಿನ ಮೇಲೆಯೇ ತುಕ್ಕು! ಹೆಸರಿಗೇ ಮಸಿ ಬಳಿದುಕೊಂಡಂತೆ.

ಟೈಟೇನಿಯಂದು ಇನ್ನೊಂದು ಕಥೆ. ಎಕ್ಸ್‌ರೇಯಲ್ಲಿ ಅಲ್ಲ, ಡಬ್ಬಿಯಲ್ಲಿ ನೋಡಿದವರಿಗೆ ಗೊತ್ತು, ಆ ಸ್ಕ್ರೂಗಳು ಬಂಗಾರದ ಬಣ್ಣ, ನೇರಳೆ, ನೀಲಿ, ಹಸಿರು. ಬಣ್ಣ ಬಳಿದಿಲ್ಲ. ತೊಟ್ಟಿಯಲ್ಲಿಟ್ಟು ಕರೆಂಟು ಕೊಟ್ಟಾಗ ಮೇಲಿನ ಆಕ್ಸೈಡ್ ಪೊರೆ ದಪ್ಪವಾಗುತ್ತದೆ. ಎಷ್ಟು ವೋಲ್ಟ್ ಕೊಟ್ಟರೆ ಅಷ್ಟು ದಪ್ಪ, ದಪ್ಪಕ್ಕೆ ತಕ್ಕ ಬಣ್ಣ. ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನ ಒದ್ದೆ ನೆಲದ ಮೇಲೆ ಡೀಸೆಲ್ ಹರಡಿ ಕಾಮನಬಿಲ್ಲು ಮೂಡುತ್ತದಲ್ಲ, ಅದೇ ಆಟ. ಥಿಯೇಟರಿನಲ್ಲಿ ಸಿಸ್ಟರ್ ಒಂದು ಅಳತೆಗೆ ಇನ್ನೊಂದು ಅಳತೆಯ ಸ್ಕ್ರೂ ಕೊಡದಿರಲಿ ಎಂದು ಬಣ್ಣದ ಗುರುತು. ಬಣ್ಣದ್ದು ಒಳ್ಳೇದು, ಬಿಳಿದು ಕೀಳು ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಎಲ್ಲವನ್ನೂ ಕನ್ನಡಿ ಮಾಡಿದರೆ ಮುಗಿಯಿತೇ ಎಂದರೆ, ಇಲ್ಲ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಗೆ ಟೈಟೇನಿಯಂ ಉಪಕರಣವೊಂದನ್ನು ಕೂರಿಸಿದ್ದ. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲೊಲ್ಲದು. ಮೂಳೆ ಅದನ್ನು ತನ್ನದೇ ಮಾಡಿಕೊಂಡಿತ್ತು. ಈಗ ಹಲ್ಲು ಕೂರಿಸುವವರಿಂದ ಹಿಡಿದು ಸೊಂಟದ ಕೀಲು ಬದಲಿಸುವವರ ತನಕ ಈ ಗುಣವನ್ನು ಬಳಸಿಕೊಳ್ಳುತ್ತಾರೆ. ತೊಡೆಮೂಳೆಯ ಒಳಗೆ ಸಿಮೆಂಟಿಲ್ಲದೆ ಕೂರಬೇಕಾದ ಭಾಗವನ್ನು ಬೇಕೆಂದೇ ಮರಳೆರಚಿದಂತೆ ಒರಟು ಮಾಡುತ್ತಾರೆ, ಮೂಳೆಯಲ್ಲೇ ಇರುವಂಥ ಖನಿಜದ ಪುಡಿಯನ್ನು ಕಾಯಿಸಿ ಸಿಂಪಡಿಸುವುದೂ ಉಂಟು. ಗಾರೆ ಹಿಡಿಯಲೆಂದು ಗೋಡೆಗೆ ಕಚ್ಚು ಹಾಕಿದಂತೆ. ಅದೇ ಕೀಲಿನ ಗುಂಡು ಮಾತ್ರ ಕನ್ನಡಿಗಿಂತ ಕನ್ನಡಿ. ಲೋಹದ ಗುಂಡಿನ ಒರಟುತನ 0.05 ಮೈಕ್ರಾನ್ ದಾಟಬಾರದು ಎಂಬುದು ಅಂತಾರಾಷ್ಟ್ರೀಯ ನಿಯಮ. ತಲೆಕೂದಲಿನ ದಪ್ಪದಲ್ಲಿ ಸಾವಿರದ ನಾನೂರನೇ ಒಂದು ಪಾಲು ಅಂದುಕೊಳ್ಳಿ. ದಾಟಿದರೆ ಎದುರಿನ ಪ್ಲಾಸ್ಟಿಕ್ ಬಟ್ಟಲನ್ನು ಗುಂಡು ತುರಿಮಣೆಯಂತೆ ತುರಿಯುತ್ತದೆ, ಆ ತುರಿಗೆ ಮೂಳೆ ಸವೆದು ಕೀಲು ಸಡಿಲವಾಗುತ್ತದೆ.

ಇನ್ನು ಮೂಳೆ ಕೂಡಿದ ಮೇಲೆ ತೆಗೆಯಬೇಕಾದ ಸ್ಕ್ರೂ ನುಣುಪಾಗಿದ್ದಷ್ಟೂ ಒಳ್ಳೇದು. ಒರಟಿದ್ದರೆ ಮೂಳೆ ಬಿಡುವುದೇ ಇಲ್ಲ. ಒಂದೇ ಲೋಹ, ಮೂರು ಕೆಲಸ, ಮೂರು ಚರ್ಮ.

ಎಣ್ಣೆ ಮಾಡಿದ ಅನಾಹುತ

ತೊಳೆಯುವುದೇನು ಮಹಾ ಎನ್ನುವವರಿಗೆ ಒಂದು ಪ್ರಸಂಗ. ಅಮೆರಿಕದ ಟೆಕ್ಸಾಸಿನಲ್ಲಿದ್ದ ಸಲ್ಜರ್ ಎಂಬ ದೊಡ್ಡ ಕಂಪನಿ 2000ದ ಡಿಸೆಂಬರಿನಲ್ಲಿ ತಾನು ಮಾಡಿದ ಸೊಂಟದ ಕೀಲಿನ ಬಟ್ಟಲುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಲೋಹ ಸರಿ ಇತ್ತು, ಅಳತೆ ಸರಿ ಇತ್ತು. ಮಷೀನಿನ ಎಣ್ಣೆಯ ಅಂಶ ಮಾತ್ರ ಆ ಒರಟು ಮೈಯಲ್ಲಿ ಉಳಿದುಬಿಟ್ಟಿತ್ತು. ಮೂಳೆ ಬಂದು ಹಿಡಿಯಲೆಂದು ಮಾಡಿದ ಮೈಯನ್ನು ಮೂಳೆ ಹಿಡಿಯಲೇ ಇಲ್ಲ. ಸಾವಿರಾರು ಜನ ಎರಡನೇ ಸಲ ಆಪರೇಷನ್ ಟೇಬಲ್ಲು ಹತ್ತಿದರು. 2002ರಲ್ಲಿ ಸುಮಾರು ನೂರು ಕೋಟಿ ಡಾಲರಿಗೆ ಕೋರ್ಟಿನಲ್ಲಿ ರಾಜಿಯಾಯಿತು. ಕಣ್ಣಿಗೆ ಕಾಣದಷ್ಟು ಎಣ್ಣೆ, ನೂರು ಕೋಟಿ ಡಾಲರು!

ಇನ್ನೊಂದು 2010ರ ಆಗಸ್ಟಿನದು. ಡಿಪ್ಯೂ ಕಂಪನಿಯ ಎ.ಎಸ್.ಆರ್. ಎಂಬ ಸೊಂಟದ ಕೀಲು. ಲೋಹಕ್ಕೆ ಲೋಹವೇ ಉಜ್ಜುವ ಜೋಡಿ. ಸವೆದ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿತು. ಜಗತ್ತಿನಾದ್ಯಂತ ಹಿಂದಕ್ಕೆ ಕರೆದರು. ನಮ್ಮ ದೇಶದಲ್ಲಿಯೂ ಅದನ್ನು ಹಾಕಿಸಿಕೊಂಡವರು ಸಾವಿರಾರು. ಪರಿಹಾರದ ಲೆಕ್ಕಾಚಾರಕ್ಕೆ ಸರ್ಕಾರ ಸೂತ್ರ ಮಾಡುವ ಹೊತ್ತಿಗೆ 2018 ಬಂದಿತ್ತು. ಅದಕ್ಕೂ ಮೊದಲು ಹಾಕಿಸಿಕೊಂಡವರನ್ನು ಹುಡುಕುವುದೇ ದೊಡ್ಡ ಪಾಡಾಯಿತು. ಯಾರ ಸೊಂಟದಲ್ಲಿ ಯಾವ ನಂಬರಿದೆ ಎಂದು ಬರೆದಿಟ್ಟವರು ಎಷ್ಟು ಜನ?

ಚಕ್ರದ ಮುಂದಿನ ಮನುಷ್ಯ

ಡಾಕ್ಟರ ಹೆಸರು ಬೋರ್ಡಿನಲ್ಲಿರುತ್ತದೆ, ಕಂಪನಿಯ ಹೆಸರು ಡಬ್ಬಿಯಲ್ಲಿರುತ್ತದೆ. ಬಫಿಂಗ್ ಚಕ್ರದ ಮುಂದೆ ಎಂಟು ಗಂಟೆ ನಿಂತವನ ಹೆಸರು ಎಲ್ಲಿಯೂ ಇರುವುದಿಲ್ಲ. ಸಂಜೆ ಅವನನ್ನು ಗುರುತು ಹಿಡಿಯುವುದು ಸುಲಭ: ಕಣ್ಣಿನ ಅಂಚು, ಮೂಗಿನ ಹೊಳ್ಳೆ ಕಪ್ಪು. ಆ ಧೂಳಿನಲ್ಲಿ ಬಟ್ಟೆ ಎಳೆ ಇದೆ, ಪಾಲಿಶ್ ಪುಡಿ ಇದೆ, ಲೋಹವೂ ಇದೆ. ನಿಕ್ಕಲ್, ಕೋಬಾಲ್ಟಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಧೂಳು ಎಳೆಯುವ ಫ್ಯಾನು, ಮಾಸ್ಕು, ಕನ್ನಡಕ ಇರಬೇಕು. ಇದ್ದರೂ ಸೆಕೆಗೆ ತೆಗೆದಿಡುವವರೇ ಹೆಚ್ಚು.

ಟೈಟೇನಿಯಂ ಧೂಳಿನ ಅಪಾಯ ಬೇರೆ. ಆ ನಯವಾದ ಪುಡಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಭ್ಯಾಸಬಲದಿಂದ ಯಾರಾದರೂ ಬಕೆಟ್ ನೀರು ಎರಚಿದರೆ ಬೆಂಕಿ ಆರುವ ಬದಲು ಭುಗಿಲೇಳುತ್ತದೆ. ಅದಕ್ಕೆ ಒಣ ಪುಡಿಯ ಸಿಲಿಂಡರೇ ಬೇಕು. ಆಸಿಡ್ ತೊಟ್ಟಿಯ ಕೋಣೆಯ ಕಷ್ಟವೂ ಸಣ್ಣದಲ್ಲ. ಕೆಲಸ ಮುಗಿದ ಆಮ್ಲದಲ್ಲಿ ಕರಗಿರುವುದು ಕಬ್ಬಿಣವಷ್ಟೇ ಅಲ್ಲ, ಕ್ರೋಮಿಯಂ, ನಿಕ್ಕಲ್ಲೂ ಹೌದು. ಸುಣ್ಣ ಹಾಕಿ ಶಮನ ಮಾಡಿ, ಗಸಿ ಬೇರೆ ತೆಗೆದು ಲೆಕ್ಕ ಒಪ್ಪಿಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯಿಲ್ಲದೆ ತೊಟ್ಟಿ ಇಡುವಂತಿಲ್ಲ. ಮನುಷ್ಯನ ಕಾಲಿಗೆ ಹೊಳಪು ಕೊಟ್ಟು ಕೆರೆಗೆ ಮಸಿ ಬಳಿಯುವುದು ಯಾವ ನ್ಯಾಯ?

ಮೈಸೂರಿನಲ್ಲಿ ಲೇತಿಗೆ ಬರವಿಲ್ಲ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿಗಳಲ್ಲಿ ಬೇರಿಂಗು, ಆಕ್ಸಲ್ಲುಗಳಿಗೆ ಕೂದಲೆಳೆಯ ಲೆಕ್ಕದಲ್ಲಿ ಲೋಹ ಕತ್ತರಿಸಿದ ಕೈಗಳಿವೆ. ಸ್ಕ್ರೂ ಕೊರೆಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಹಾಗಾದರೆ ಬೀದಿಬೀದಿಯಲ್ಲೂ ಮೂಳೆ ಪ್ಲೇಟು ಮಾಡಬಹುದಲ್ಲ ಎಂದರೆ, ತೊಡಕು ಕತ್ತರಿಸಿದ ಮೇಲೆ ಶುರುವಾಗುತ್ತದೆ. ಹೊಳಪು, ತೊಳೆತ, ಪರೀಕ್ಷೆ, ಪ್ರತಿ ಹಂತಕ್ಕೂ ಕಾಗದ. ಮೂಳೆಯೊಳಗೆ ಕೂರುವ ಸಾಮಾನನ್ನು 2005ರಲ್ಲಿಯೇ ಕೇಂದ್ರ ಸರ್ಕಾರ ಔಷಧಿಯ ಕಾಯಿದೆಯ ಕೆಳಗೆ ತಂದಿತು. 2018ರ ಜನವರಿ 1ರಿಂದ ಜಾರಿಯಾದ ವೈದ್ಯಕೀಯ ಸಾಧನಗಳ ನಿಯಮದಂತೆ ಇಂಥ ಪ್ಲೇಟು, ಸ್ಕ್ರೂಗಳಿಗೆ ರಾಜ್ಯದ್ದಲ್ಲ, ದೆಹಲಿಯ ಲೈಸೆನ್ಸು ಬೇಕು. ಯಾವ ಕಂಬಿಯಿಂದ ಯಾವ ದಿನ ಕತ್ತರಿಸಿದ್ದು, ಯಾವ ತೊಟ್ಟಿಯಲ್ಲಿ ಎಷ್ಟು ಹೊತ್ತು ಇಟ್ಟದ್ದು ಎಂದು ಹಿಂದಕ್ಕೆ ಹೋಗಿ ಹುಡುಕಿದರೆ ಸಿಗಬೇಕು. ಸಣ್ಣ ಶೆಡ್ಡಿನವನಿಗೆ ಇದು ತಲೆನೋವೇ. ಆದರೆ ಸಲ್ಜರ್ ಕಥೆ ಓದಿದ ಮೇಲೆ ಈ ಕಾಗದ ಬೇಡ ಎನ್ನುವ ಧೈರ್ಯ ಯಾರಿಗಿದೆ?

ಗಿರಾಕಿ ಏನು ಕೇಳಬೇಕು

ಮೂಳೆ ಮುರಿದ ಮನೆಯಲ್ಲಿ ಆ ಹೊತ್ತಿಗೆ ಯೋಚನೆಗೆ ಬಿಡುವಿರುವುದಿಲ್ಲ. "ಸ್ಟೀಲಾ ಟೈಟೇನಿಯಮ್ಮಾ, ಬೇಗ ಹೇಳಿ" ಎಂದಾಗ ಅಣ್ಣ ತಮ್ಮಂದಿರು ಮುಖ ಮುಖ ನೋಡಿಕೊಂಡು, ದುಬಾರಿಯದೇ ಒಳ್ಳೇದಿರಬೇಕು ಎಂದು ಒಡವೆ ಗಿರವಿ ಇಡುತ್ತಾರೆ. ಟೈಟೇನಿಯಂ ಹಗುರ, ನಿಕ್ಕಲ್ ಆಗದವರಿಗೆ ಅನುಕೂಲ, ಎಂ.ಆರ್.ಐ. ಚಿತ್ರಕ್ಕೆ ಕಡಿಮೆ ಅಡ್ಡಿ, ಎಲ್ಲವೂ ನಿಜ. ಹಾಗೆಂದು ಸರಿಯಾಗಿ ಹೊಳಪು ಕೊಟ್ಟ ಸ್ಟೀಲು ಕೀಳಲ್ಲ. ಲಕ್ಷಾಂತರ ಮೂಳೆಗಳು ಅದರ ಆಸರೆಯಲ್ಲಿಯೇ ಕೂಡಿವೆ. ಹೊಳಪು ಕೆಟ್ಟ ಟೈಟೇನಿಯಮ್ಮಿಗಿಂತ ಹೊಳಪು ನೆಟ್ಟಗಿರುವ ಸ್ಟೀಲೇ ವಾಸಿ. ಆದರೆ ಎರಡನ್ನೂ ಬೆರೆಸಬಾರದು. ಟೈಟೇನಿಯಂ ಪ್ಲೇಟಿಗೆ ಸ್ಟೀಲ್ ಸ್ಕ್ರೂ ಹಾಕಿದರೆ ಉಪ್ಪುನೀರಿನಲ್ಲಿ ಎರಡು ಲೋಹ ಸೇರಿ ಬ್ಯಾಟರಿ ಸೆಲ್ಲಿನಂತಾಗಿ, ಒಂದು ಇನ್ನೊಂದನ್ನು ತಿನ್ನುತ್ತದೆ.

ಬೆಲೆಯ ಮಾತಿಗೆ ಬಂದರೆ, 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಕೀಲಿಗೆ ಮಿತಿ ಹಾಕಿತು. ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಒಂದೇ ರಾತ್ರಿಯಲ್ಲಿ ಇಷ್ಟು ಇಳಿಯಬಹುದಾದರೆ ಅಲ್ಲಿಯ ತನಕ ಹೆಚ್ಚಿನ ದುಡ್ಡು ಎಲ್ಲಿ ಹೋಗುತ್ತಿತ್ತು ಎಂದು ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಫಿಂಗಿನವನ ಕೂಲಿಗಂತೂ ಹೋಗುತ್ತಿರಲಿಲ್ಲ.

ಡಬ್ಬಿಯ ಮೇಲೆ ತಯಾರಕರ ಹೆಸರು, ಲೈಸೆನ್ಸ್ ನಂಬರು, ಲಾಟ್ ಅಥವಾ ಬ್ಯಾಚ್ ನಂಬರು ಇರಲೇಬೇಕು. ಆ ಚೀಟಿಯನ್ನು ಕೇಸ್ ಶೀಟಿಗೂ ಡಿಸ್ಚಾರ್ಜ್ ಕಾರ್ಡಿಗೂ ಅಂಟಿಸಿಕೊಡಿ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ಮಿಕ್ಸಿ ಕೊಂಡರೆ ವಾರಂಟಿ ಕಾರ್ಡಿಗೆ ಸೀಲು ಹಾಕಿಸಿಕೊಂಡು ಬೀರುವಿನಲ್ಲಿಡುವ ಜನ ಕಾಲಿನೊಳಗಿನ ಸಾಮಾನಿಗೆ ಬಿಲ್ಲನ್ನೂ ಕೇಳುವುದಿಲ್ಲ! ತೆಗೆದ ಪ್ಲೇಟನ್ನು ಇನ್ನೊಬ್ಬರಿಗೆ ಹಾಕುವ ಮಾತೇ ಇಲ್ಲ. ಎಷ್ಟು ತೊಳೆದರೂ ಅದು ಒಮ್ಮೆ ಬಗ್ಗಿ ದಣಿದ ಲೋಹ.

ಬಸ್ಸು ರೈಲ್ವೆ ಸ್ಟೇಷನ್ ದಾಟಿತು. ಲೇತಿನ ಹುಡುಗ ಇಷ್ಟೆಲ್ಲ ಹೇಳಲಿಲ್ಲ. ಹೇಳಿದ್ದು ಇಷ್ಟು: "ಅದು ಮನೆ ಸ್ಟೀಲ್ ತರ ಅಲ್ಲ ಯಜಮಾನ್ರೇ. ಆಸಿಡ್ಡಲ್ಲಿ ಅದ್ದಿ ಪಾಲಿಶ್ ಮಾಡಿರ್ತಾರೆ, ಸುಲಭಕ್ಕೆ ತುಕ್ಕು ಹಿಡಿಯಲ್ಲ. ಚೀಟಿ ಕೊಟ್ಟವ್ರಾ?"

"ಎಂಥ ಚೀಟಿ?"

"ಪ್ಲೇಟಿಂದು. ನಂಬರ್ ಇರೋದು."

ಹಿರಿಯರು ಎಕ್ಸ್‌ರೇ ಕವರಿನೊಳಗೆ ಕೈ ಹಾಕಿ ತಡಕಿದರು. ಬ್ಲಡ್ ರಿಪೋರ್ಟು ಬಂತು, ಔಷಧಿ ಬಿಲ್ಲು ಬಂತು, ಚಾಮುಂಡೇಶ್ವರಿ ಕುಂಕುಮದ ಪೊಟ್ಟಣ ಬಂತು. ಡಿಸ್ಚಾರ್ಜ್ ಕಾರ್ಡನ್ನು ಹುಡುಗ ಹಿಂದೆ ಮುಂದೆ ತಿರುಗಿಸಿ ನೋಡಿದ. "ಪ್ಲೇಟು, ಎಂಟು ಸ್ಕ್ರೂ" ಎಂದು ಬರೆದಿತ್ತು, ಅಷ್ಟೇ.

"ಸೋಮವಾರ ಹೊಲಿಗೆ ಬಿಚ್ಚಕೆ ಹೋಗ್ಬೇಕು ಕಣಪ್ಪ."

"ಹಂಗಾದ್ರೆ ಆವತ್ತು ಕೇಳಿ ಈಸ್ಕೊಳ್ಳಿ. ಬಿಡಬೇಡಿ."

ಕಂಡಕ್ಟರ್ ಸೀಟಿ ಊದಿದ. ಹಿರಿಯರು ಕವರನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡು, ಊರ ಬಸ್ಸು ತಪ್ಪೀತೆಂದು ಅವಸರದಲ್ಲಿ ಇಳಿದು ಸಬರ್ಬನ್ ಸ್ಟ್ಯಾಂಡಿನ ದಿಕ್ಕಿಗೆ ಹೆಜ್ಜೆ ಹಾಕಿದರು.